ಅರೆತೊಯ್ದ ಬಂಡೆ

ಒಂದೂರಿನ ನೆಲದಡಿ ಒಬ್ಬ ಕಲ್ಲುರಾಕ್ಷಸಿ ಮಲಗಿದ್ದಳಂತೆ. ಬೇಸಗೆಯಲ್ಲಿ ಅವಳು ಭಾಳ ಒಳ್ಳೆಯವಳು. ಈ ಮನೆಯ ಸಪ್ಪಳವನ್ನು ಆ ಮನೆಗೆ ಜೋಪಾನವಾಗಿ ದಾಟಿಸುವಳು. ಮೊದಲ ಮಳೆಗೆ ಗಂಟಲು ಅರ್ಧ ತೊಯ್ದರೆ ಮಾತ್ರ ಬಂದ ಸಪ್ಪಳವನ್ನೆಲ್ಲ ತಾನೇ ನುಂಗುವಳು. ಬಾದಾಮಿಯ ಗುಡ್ಡದ ಬುಡದ ಓಣಿಯಲ್ಲಿ ರತ್ನವ್ವ ಮೊಮ್ಮಗಳು ಚೇತನಾಗೆ ಹೀಗೆ ಕಥೆ ಹೇಳುತ್ತಿದ್ದಳು. ಚೇತನಾ ದೊಡ್ಡವಳಾದಳು, ಕಥೆ ಮರೆತಳು.

1999ರ ಮುಂಗಾರು. ಚೇತನಾಳ ತಾಯಿ ನೀಲವ್ವ ಬೇಸಗೆಯಲ್ಲಿ ತೀರಿಕೊಂಡಿದ್ದಳು. ದಿನಾ ಬೆಳಿಗ್ಗೆ ತಾಯಿಯ ಮಗ್ಗದ ಹೊದಿಕೆ ಸರಿಸಿ, ಅವಳು ನೇಯ್ದ ಬಟ್ಟೆಗೆ ಕೆನ್ನೆ ತಾಗಿಸಿ, ಮತ್ತೆ ಮುಚ್ಚುವುದು ಮಗಳ ರೂಢಿ. ಅಂದು ಸರಿಸಿದಳು.

ಸೀರೆ ಇರಲಿಲ್ಲ. ಕತ್ತರಿಸಿದ ಎಳೆಗಳು ಜೋತುಬಿದ್ದಿದ್ದವು.

ಮಗಳಿಗೆಂದೇ ನೇಯ್ದ ಇಳಕಲ್ ಸೀರೆ ಅದು. ಮೈ ಮುಗಿದಿತ್ತು, ಕೆಂಪು ರೇಷ್ಮೆಯ ಸೆರಗು ಉಳಿದಿತ್ತು. "ಸೆರಗು ಮುಗಿಸಿ ಉಡು, ನನ್ನವ್ವಾ" ಎಂದಿದ್ದಳು ನೀಲವ್ವ, ಕಣ್ಣು ಮುಚ್ಚುವ ಮೊದಲು. ಚೇತನಾ ಹೂಂ ಅಂದಿದ್ದಳು.

ಮಾಳಿಗೆಯ ಕೋಣೆಯಿಂದ ಮೃಣಾಲಿನಿ ಇಳಿದು ಬಂದಳು. ಬಾಗಲಕೋಟೆಯ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು. ಇಲ್ಲಿಯ ಮರಳುಗಲ್ಲಿನಲ್ಲಿ ಕಂಪನ ಹೇಗೆ ಸಾಗುತ್ತದೆಂದು ಅಳೆಯಲು ಬಾಡಿಗೆಗಿದ್ದಳು.

"ನಾ ನಿನ್ನೆ ಬಾಗಲಕೋಟ್ಯಾಗ ಇದ್ದೆ. ಮನ್ಯಾಗ ಯಾರಿದ್ರು?"

"ಸಂಜಿಮಟ ಅಜ್ಜಿ ತನ್ನ ಮಗ್ಗದಾಗ ನೇಯಾಕತ್ತಿದ್ಳ್ರಿ ಬಾಯಾರ. ನಾ ಬಾಜೂಕ ಕುಂತಿದ್ದೆ. ಆಮ್ಯಾಲೆ ಇಬ್ರೂ ಪುರಾಣಕ್ಕ ಮಠಕ್ಕ ಹೋದ್ವಿ."

"ಬಾಗಲಕ್ಕ ಕೀಲಿ?"

"ಈ ಓಣ್ಯಾಗ ಕೀಲಿ ಯಾರು ಹಾಕ್ತಾರ್ರಿ?"

ರತ್ನವ್ವನ ಅನುಮಾನ ಬಸಯ್ಯನ ಮೇಲೆ. ಸಾಹುಕಾರನ ಪರವಾಗಿ ಮನೆಮನೆಯಿಂದ ಸೀರೆ ಒಯ್ಯುವವನು ಅವನು. ಈ ಸೀರೆಯನ್ನೂ ಕೇಳಿದ್ದ. ನಿನ್ನೆ ಸಂಜೆ ಇದೇ ಮನೆಯ ಕಟ್ಟೆಯ ಮೇಲೆ ಮಳೆಗೆ ನಿಂತಿದ್ದ.

"ಒಳಗ ಕಾಲಿಟ್ಟಿಲ್ರಿ," ಎಂದ ಕರೆಸಿದಾಗ ಬಂದ ಬಸಯ್ಯ. "ಕಳ್ಳ ಅನ್ನಿಸಿಕೊಂಡು ನಾಳೆ ಯಾವ ಮನಿ ಕಟ್ಟಿ ಏರ್ಲಿ ನಾ?"

ಪಕ್ಕದ ಮನೆಯ ಮುದಕಪ್ಪ ಕೆಮ್ಮಿದ. ಒಂದು ಕಾಲದ ನೇಕಾರ. ಈಗ ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿಯುತ್ತಿದ್ದ.

"ನಿನ್ನೆ ನಾ ನನ್ನ ಹಳೇ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತಿದ್ದೆ ಬಾಯಾರ. ತಗಡಿನ ಮ್ಯಾಲೆ ಮಳಿ, ಕಿವಿಗೇನೂ ಕೇಳಂಗಿರಲಿಲ್ಲ. ಆದ್ರ ಎರಡೂ ಮನಿ ಮಗ್ಗದ ಕುಣಿ ಒಂದ ಬಂಡ್ಯಾಗ ಕಡದದ್ದು. ರತ್ನತ್ತಿ ಮಗ್ಗದ ಹಲಗಿ ಬಡದ್ರ ನನ್ನ ಕಾಲಿಗೆ ಹತ್ತತೈತಿ. ನಡುವ ಒಮ್ಮೆ ನಿಂತಿತು, ಮತ್ತ ಸುರುವಾತು, ಆಮ್ಯಾಲೆ ಪೂರಾ ನಿಂತಿತು. ಅದರ ಹಿಂದ ಯಾರೋ ಒಳಗ ಹೊಕ್ಕಂಗ ಬಿರಬಿರ ಹೆಜ್ಜಿ."

"ಖರೇನ," ಎಂದಳು ರತ್ನವ್ವ. "ನಡುವ ಎಳಿ ಹರದಿತ್ತು."

ಎಲ್ಲರ ಕಣ್ಣು ಬಸಯ್ಯನ ಮೇಲೆ. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

ಮೃಣಾಲಿನಿ ಮಾತ್ರ ಮಗ್ಗದ ಎಳೆಗಳನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು.

"ಮುದಕಪ್ಪ, ನಿಮ್ಮ ಕುಣ್ಯಾಗ ಒಮ್ಮೆ ಕೂಡ್ರಿ. ರತ್ನವ್ವ ಇಲ್ಲಿ ಬಡೀತಾರ. ಕಾಲಿಗೆ ಹತ್ತಿದಾಗೆಲ್ಲ ಕೈ ಎತ್ರಿ."

ಮಳೆ ಮತ್ತೆ ತಗಡು ಬಡಿಯುತ್ತಿತ್ತು. ಮುದಕಪ್ಪ ತನ್ನ ಮನೆಯ ಕುಣಿಯಲ್ಲಿ ಕೂತ, ಅಂಗಾಲು ಬಂಡೆಗೆ ಊರಿದ. ಚೇತನಾ, ಮೃಣಾಲಿನಿ, ಬಸಯ್ಯ ಅವನ ಪಕ್ಕ ನಿಂತರು. ಅವನ ಕೈ ತೊಡೆಯ ಮೇಲೆಯೇ ಇತ್ತು. ಕಾದ. ಕಣ್ಣು ಮುಚ್ಚಿ ಕಾದ.

"ಸುರು ಮಾಡ್ಯಾಳೇನ್ರಿ?"

"ಆಗಲೇ ಮಾಡ್ಯಾರ," ಎಂದಳು ಮೃಣಾಲಿನಿ.

ಚೇತನಾ ಹಿತ್ತಿಲಿಗೆ ಓಡಿ ತಮ್ಮ ಮನೆಯ ಕಿಟಕಿಯಲ್ಲಿ ಇಣುಕಿದಳು. ಅಜ್ಜಿಯ ಕೈಯಲ್ಲಿ ಹಲಗೆ ಒಂದೇ ಸಮ ಹೋಗಿ ಬರುತ್ತಿತ್ತು. ಅವಳು ಮರಳಿ ಬಂದಾಗಲೂ ಮುದಕಪ್ಪ ಕಾಯುತ್ತಲೇ ಇದ್ದ.

"ಬ್ಯಾಸಗ್ಯಾಗ ಹತ್ತತಿತ್ತಲ್ರಿ," ಎಂದ, ಮೆಲ್ಲಗೆ.

"ಹತ್ತತದ. ಈ ಕಲ್ಲಿನ ತುಂಬ ಸಣ್ಣ ತೂತು. ಒಣಗಿದ್ದಾಗ ಬಡತ ಹರಳಿಂದ ಹರಳಿಗೆ ದಾಟತದ. ಮಳಿ ಬಿದ್ದು ತೂತು ಅರ್ಧ ತುಂಬಿತು ಅನ್ರಿ— ಪ್ರತೀ ಬಡತಕ್ಕ ಒಳಗಿನ ನೀರು ಈ ತೂತಿಂದ ಆ ತೂತಿಗೆ ಓಡತದ. ತುಂಬಿದ ಕೊಡ ತುಳುಕೂದಿಲ್ಲ, ಅರ್ಧಾ ಕೊಡ ತುಳುಕತದ. ಆ ತುಳುಕಾಟದಾಗ ಬಡತದ ಕಸುವೆಲ್ಲ ತೀರಿ ಹೋಗತದ."

ರಾಕ್ಷಸಿ, ಎಂದುಕೊಂಡಳು ಚೇತನಾ.

"ಮಳಿ ಹಿಡದ್ರ ಕುಣಿ ಒಸರತಾವಂತ ನೀವೆಲ್ಲಾ ಮಗ್ಗ ನಿಲ್ಲಿಸ್ತೀರಿ. ಅದಕ್ಕ ಇದು ನಿಮಗ ಗೊತ್ತಾಗಿಲ್ಲ. ಈ ವರ್ಷ ರತ್ನವ್ವ ನಿಲ್ಲಿಸಿಲ್ಲ, ಕೈ ಖಾಲಿ ಆದ್ರ ಮಗಳು ನೆನಪಾಗ್ತಾಳಂತ. ಮಗ್ಗ ನಡುವ ನಿಂತದ್ದು ಖರೇ. ಅದು ಖರೇ ಅಂತನ ಎಲ್ಲಾರೂ ನಿಮ್ಮನ್ನ ನಂಬಿದ್ರು. ಆದ್ರ ನಿಮಗ ಹೆಂಗ ಗೊತ್ತಾತು? ಕಿವಿಗೆ ಕೇಳಿಲ್ಲ. ಕಾಲಿಗೂ ಹತ್ತಿಲ್ಲ. ಕಣ್ಣಾರೆ ಕಂಡಿರಿ— ಹಿತ್ತಲ ಕಿಟಕ್ಯಾಗ ನಿಂತು. ಮತ್ತ ಒಂದು ಮಾತು. ಸೀರಿ ಮಾರವ ಅಂಚಿಗೇ ಕತ್ತರಿಸ್ತಾನ. ನೀವು ಗೇಣುದ್ದ ಎಳಿ ಬಿಟ್ಟು ಕತ್ತರಿಸೀರಿ, ಮತ್ತ ಗಂಟು ಹಾಕಾಕ ಬರೂ ಹಂಗ. ಅದು ನೇಕಾರನ ಕೈ."

ಮುದಕಪ್ಪ ಕುಣಿಯಿಂದ ಏಳಲಿಲ್ಲ.

"ಸಣ್ಣವರಿದ್ದಾಗಿಂದ ನೀಲಾ ಎರಡು ಬಡದ್ರ ನಾ ಮೂರು ಬಡೀತಿದ್ದೆ. ಮಾರಿ ನೋಡಿ ಮಾತಾಡಿದ್ದು ಕಡಿಮಿ. ಆಕಿ ಹೋದ ಮ್ಯಾಲೂ ದಿನಾ ಇಲ್ಲೇ ಕಾಲಿಟ್ಟು ಕೂಡ್ತೇನಿ. ಆ ಬಟ್ಟ್ಯಾಗ ಆಕಿ ಬಡತ ಐತಿ, ಚೇತನಾ. ಸೆರಗು ಮುಗದ್ರ ಆಕಿನೂ ಮುಗದ್ಲು ಅನ್ನಿಸ್ತು."

ಟ್ರಂಕು ತೆರೆದ. ಹಳೆಯ ಧೋತರದಲ್ಲಿ ಸುತ್ತಿದ ಸೀರೆ ಇತ್ತು.

ಅಷ್ಟರಲ್ಲಿ ಬಂದ ರತ್ನವ್ವ ಸೀರೆಯನ್ನೂ ಅವನನ್ನೂ ನೋಡಿದಳು. "ಮೊದಲ ಬಸಯ್ಯನ ಕಾಲು ಹಿಡಿ," ಎಂದಳು.

ಹಿಡಿದ. ಬಸಯ್ಯ ಕಾಲು ಹಿಂದೆಳೆದುಕೊಂಡ. "ಬಿಡೋ ಮಾರಾಯಾ. ಓಣಿ ಮುಂದ ಒಂದ್ಸಲ ಹೇಳು, ಸಾಕು."

ಚೇತನಾ ಸೀರೆಗೆ ಕೆನ್ನೆ ತಾಗಿಸಿದಳು. ಬಹಳ ಹೊತ್ತಿನ ಮೇಲೆ ಅದನ್ನು ಮುದಕಪ್ಪನ ಮಡಿಲಿಗೇ ಇಟ್ಟಳು.

"ಅಜ್ಜಿ ಕಣ್ಣಿಗೆ ಎಳಿ ಕಾಣೂದಿಲ್ಲ ಕಾಕಾ. ಸೆರಗು ನೀವ ನೇಯ್ರಿ. ಬಂಡಿ ಒಣಗಲಿ."

ಸಂಕ್ರಾಂತಿ ಕಳೆದು ಬಂಡೆ ಒಣಗಿತು. ಮುದಕಪ್ಪ ತನ್ನ ಹಳೆಯ ಮಗ್ಗ ಹೂಡಿ, ಎಳೆಗೆ ಎಳೆ ಕೊಂಡಿ ಹಾಕಿ, ಕೆಂಪು ರೇಷ್ಮೆ ನೇಯತೊಡಗಿದ. ಗೋಡೆಯ ಈಚೆ ಚೇತನಾ ತಾಯಿಯ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಳು. ಬಡಿತ ಬಂಡೆಯೊಳಗಿಂದ ನಡೆದು ಬಂದು ಅವಳ ಅಂಗಾಲು ಮುಟ್ಟುತ್ತಿತ್ತು.

ಕಡೆಯ ದಿನ ಅವಳು ತಾಯಿಯ ಬರಿದಾದ ಮಗ್ಗದ ಹಲಗೆಯನ್ನು ಎರಡು ಸಲ ಬಡಿದಳು.

ಆಚೆಯ ಮಗ್ಗ ಒಂದು ಕ್ಷಣ ನಿಂತಿತು. ಆಮೇಲೆ ಮೂರು ಬಡಿತ ಬಂದವು, ಮತ್ತೆ ಬರಲಿಲ್ಲ. ಸೆರಗು ಮುಗಿದಿತ್ತು.