ಎರಡು ಹಿಡಿ ಮಣ್ಣಿನ ತೂಕ

ನದಿಗಳು ಇನ್ನೂ ರಾಜರ ಮಾತು ಕೇಳುತ್ತಿದ್ದ ಕಾಲದಲ್ಲಿ, ಒಂದು ದಿನ ಬೆಳಿಗ್ಗೆ ಸಂಕವ್ವ ಎಂದಿನಂತೆ ರೊಟ್ಟಿ ತಟ್ಟಿ, ಗಂಡನಿಗೆ ಮುಚ್ಚಿಟ್ಟು, ದೋಣಿ ಹತ್ತಿದಳು.

ನದಿಯ ಒಂದು ದಡ ಎಕ್ಕಲದುರ್ಗದ್ದು. ಅಲ್ಲಿ ಆನೆಗಳೂ ಕಬ್ಬಿಣವೂ ಇದ್ದವು. ಇನ್ನೊಂದು ದಡ ಮುತ್ತಿನಕೊಪ್ಪದ್ದು. ಅಲ್ಲಿ ಮಗ್ಗಗಳೂ ಹಡಗುಗಳೂ ಇದ್ದವು. ನಡುನೀರಿನ ಬಂಡೆಯ ಮೇಲೆ ಒಂದು ಮಾಯಾ ತಕ್ಕಡಿ ಇತ್ತು. ಮೂರು ವರ್ಷಕ್ಕೊಮ್ಮೆ ಇಬ್ಬರು ರಾಜರೂ ತಮ್ಮ ನೆಲದ ಒಂದೊಂದು ಹಿಡಿ ಮಣ್ಣು ತರುತ್ತಿದ್ದರು. ರಾಜ್ಯದ ಬಲವೆಲ್ಲ ಆ ಹಿಡಿಯೊಳಗಿರುತ್ತಿತ್ತು. ಯಾರದು ಭಾರವೋ ನದಿ ಅವರದು, ಸಮವಾದರೆ ಇಬ್ಬರದು.

ತೂಗುವವಳು ಸಂಕವ್ವ. ಮೊದಲು ಎರಡೂ ಹಿಡಿಗಳನ್ನು ಬರಿಗೈಯಲ್ಲಿ ಎತ್ತಿ ನೋಡುತ್ತಿದ್ದಳು. ಆಮೇಲೆ ತಟ್ಟೆಗೆ ಹಾಕುತ್ತಿದ್ದಳು. ತಟ್ಟೆ ಅದಲುಬದಲು ಮಾಡಿ ಇನ್ನೊಮ್ಮೆ ತೂಗುತ್ತಿದ್ದಳು. ಯಾವುದು ಭಾರ ಎಂದಷ್ಟೇ ಹೇಳಬೇಕು, ಹೆಚ್ಚಿಗೆ ಒಂದು ಮಾತೂ ಆಡಬಾರದು ಎಂಬುದು ಕಟ್ಟಳೆ. ಅವಳ ಅಜ್ಜಿಯ ಕಾಲದಿಂದಲೂ ಎರಡೂ ಸಮವಾಗಿಯೇ ಬಂದಿದ್ದವು.

ಆ ದಿನ ದುರ್ಗದ ತಟ್ಟೆ ಕೂದಲೆಳೆಯಷ್ಟು ಇಳಿಯಿತು.

ಎರಡು ಮುಖದ ಮಾಂತ್ರಿಕನೊಬ್ಬ ಅದಕ್ಕೇ ಕಾದಿದ್ದ. ಅವನ ಎಡಮುಖ ಒಬ್ಬ ರಾಜನಿಗೂ ಬಲಮುಖ ಇನ್ನೊಬ್ಬನಿಗೂ ಮಂತ್ರಿ. "ಒಡೆಯರೇ, ಬಟ್ಟೆ ಈಟಿಯನ್ನು ತಡೆಯುತ್ತದೆಯೇ?" ಎಂದು ಮುತ್ತಿನಕೊಪ್ಪದ ಅರಸನನ್ನು ಕೇಳಿದ. ಮಗ್ಗಗಳನ್ನು ಮುರಿದು ಈಟಿಗೆ ಹಿಡಿ ಮಾಡಿದರು. ನೇಕಾರರನ್ನು ದಂಡಿಗೆ ಸೇರಿಸಿದರು. ಸಂಕವ್ವನ ಗಂಡ ನೇಮಯ್ಯನೂ ಹೊರಟ.

"ಮಗ್ಗದ ಲಾಳಿಗಿಂತ ಈಟಿ ಸುಲಭ ಕಣೇ," ಎಂದು ನಕ್ಕ. "ಎಸೆದರೆ ವಾಪಸ್ ಬರೋದಿಲ್ಲ."

"ಸಾಕು ಸುಮ್ಮನಿರಿ. ನೀವು ವಾಪಸ್ ಬನ್ನಿ," ಎಂದಳು ಸಂಕವ್ವ.

ಎರಡನೆಯ ತೂಕಕ್ಕೆ ಮಾಂತ್ರಿಕ ಅವಳ ದೋಣಿಯಲ್ಲೇ ಬಂದ. ಅವನು ಕಾಲಿಟ್ಟಾಗ ದೋಣಿ ಒಂದು ಮೊಳ ಮುಳುಗಿತು. ಸಂಕವ್ವನ ಅಂಗೈಯಲ್ಲಿ ಎರಡೂ ಹಿಡಿಗಳು ಮೊದಲಿಗಿಂತ ಹಗುರವಾಗಿದ್ದವು. ಎರಡೂ ಹಿಡಿಗಳಿಂದ ಕಳೆದುಹೋದ ತೂಕ ಆ ಮಾಂತ್ರಿಕನ ಮೈ ಸೇರಿದೆಯೆಂದು ಅವಳಿಗೆ ಗೊತ್ತಾಯಿತು. ಆದರೂ ಕಟ್ಟಳೆಯಂತೆ, "ಮುತ್ತಿನಕೊಪ್ಪ ಭಾರ" ಎಂದಷ್ಟೇ ಹೇಳಿದಳು.

ಆಗ ಮಾಂತ್ರಿಕ ದುರ್ಗದ ಅರಸನ ಬಳಿಗೆ ಹೋದ. "ಒಡೆಯರೇ, ಆನೆ ಕಡಲು ದಾಟುತ್ತದೆಯೇ?" ಎಂದ. ದುರ್ಗದವರು ಆನೆಗಳನ್ನು ಮಾರಿ, ಕಾಡು ಕಡಿದು ಹಡಗು ಕಟ್ಟಿದರು. ನಡೆಸಲು ತಿಳಿದವರಿರಲಿಲ್ಲ. ಮೊದಲ ಮಳೆಗೇ ನೂರು ಹಡಗು ಮುಳುಗಿದವು.

ಮೂರನೆಯ ತೂಕದ ದಿನ ಎರಡೂ ದಡಗಳಲ್ಲಿ ದಂಡು ನಿಂತಿತ್ತು. ಭಾರವಾದವರು ಆ ಕ್ಷಣವೇ ಯುದ್ಧಕ್ಕೆ ನುಗ್ಗುವುದೆಂದು ತೀರ್ಮಾನವಾಗಿತ್ತು. ಮುತ್ತಿನಕೊಪ್ಪದ ಮುಂದಿನ ಸಾಲಿನಲ್ಲಿ ನೇಮಯ್ಯ ಈಟಿ ಹಿಡಿದಿದ್ದ. ಸಂಕವ್ವ ಮಣ್ಣನ್ನು ಎತ್ತಿದಳು. ಎರಡೂ ಹೊಟ್ಟಿನಂತಿದ್ದವು.

"ಯಾವುದು ಭಾರ?" ಎಂದರು ರಾಜರು.

"ಎರಡೂ ಬರಿದಾಗಿವೆ, ಒಡೆಯರೇ. ಮೂರು ವರ್ಷದ ಹಿಂದೆಯೇ ಹೇಳಬೇಕಿತ್ತು. ಹೇಳದೆ ಉಳಿದೆ."

"ಹೆಂಗಸೇ, ಕಟ್ಟಳೆ ಮುರಿಯಬೇಡ!" ಎಂದು ಮಾಂತ್ರಿಕ ಅಬ್ಬರಿಸಿದ.

ಸಂಕವ್ವ ಎರಡೂ ಹಿಡಿಗಳನ್ನು ಒಂದೇ ತಟ್ಟೆಗೆ ಸುರಿದಳು. "ನನ್ನ ಮಾತು ತಪ್ಪಿದ್ದರೆ ಇನ್ನೊಂದು ತಟ್ಟೆಯಲ್ಲಿ ನೀವೇ ಕೂತು ತೋರಿಸಿ, ಸ್ವಾಮಿ. ಎರಡು ರಾಜ್ಯಕ್ಕಿಂತ ಒಬ್ಬ ಮನುಷ್ಯ ಭಾರವಾಗಬಾರದು."

ಇಬ್ಬರು ರಾಜರೂ ಅವನನ್ನೇ ನೋಡುತ್ತಿದ್ದರು. ಕೂರದೆ ವಿಧಿಯಿರಲಿಲ್ಲ. ಕೂತ. ತಟ್ಟೆ ಬಂಡೆಯನ್ನು ಸೀಳಿಕೊಂಡು, ಇಡೀ ತಕ್ಕಡಿಯನ್ನೂ ಎಳೆದುಕೊಂಡು ನದಿಯ ತಳಕ್ಕೆ ಹೋಯಿತು. ಅವನು ಮತ್ತೆ ಮೇಲೆ ಬರಲಿಲ್ಲ. ಅವನ ಜೊತೆ ಹೋದ ತೂಕವೂ ಬರಲಿಲ್ಲ.

ತಕ್ಕಡಿ ಇಲ್ಲದ್ದರಿಂದ ನದಿ ಇಬ್ಬರದೂ ಆಯಿತು. ದಂಡು ಚದುರಿತು. ಯುದ್ಧ ತಪ್ಪಿತೆಂದು ಎರಡೂ ರಾಜ್ಯದವರು ಸಂತೋಷಪಟ್ಟರು. ನೇಮಯ್ಯ ಮನೆಗೆ ಬಂದ, ಹೊಸ ಮಗ್ಗ ಹೂಡಿದ, ಅದರ ಮುಂದೆ ಕುಳಿತ.

ಹರಿದ ಎಳೆಗೆ ಗಂಟು ಹಾಕುವುದು ಅವನಿಗೆ ಮರೆತುಹೋಗಿತ್ತು.