ಖಾಲಿ ಬಿಟ್ಟ ಹೆಸರು

“ಹೆಸರಿನ ಜಾಗಾ ಖಾಲಿನ ಇರ್ಲಿರಿ ಸಾಹೇಬ್ರ. ಯಾರ ಹೆಸರೂ ತುಂಬಬ್ಯಾಡ್ರಿ.”

ತಾವರಗೇರಾದ ಮುದಕಮ್ಮ ಇಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಮಗ ಮಾರೆಪ್ಪ ಹಾಡಹಗಲೇ ಹೆಂಡತಿಯ ಕತ್ತು ಹಿಸುಕಿ ಕೊಂದು, ಅದೇ ಬಲಗೈಯಲ್ಲಿ ಕುಡಗೋಲು ಹಿಡಿದು ತನ್ನ ಗಂಟಲು ಕೊಯ್ದುಕೊಂಡಿದ್ದ. ಪ್ರಾಣ ಹೋಗುವ ಮುಂಚೆ ಎಡಗೈಯಲ್ಲಿ ಮೊಬೈಲು ಎಳೆದುಕೊಂಡು ಏನನ್ನೋ ಅಳಿಸಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಯಾರೋ ಮೆಸೇಜಿನಲ್ಲೇ ಮಾಟ ಕಳಿಸಿದ್ದರಂತೆ. ಅದು ಮತ್ತೊಬ್ಬರನ್ನು ಹಿಡಿಯದಿರಲೆಂದು ಮಗ ತನ್ನ ಹೆಸರು ಸಮೇತ ಎಲ್ಲವನ್ನೂ ಅಳಿಸಿದನಂತೆ.

ಗೋವಿಂದರಾಜ ನಕ್ಕುಬಿಟ್ಟ. ಮೈಸೂರು ಕಡೆಯವನು, ಕೊಪ್ಪಳದ ಈ ಖಾಸಗಿ ಲ್ಯಾಬಿಗೆ ಹೊಸದಾಗಿ ಬಂದವನಿಗೆ ಇಲ್ಲಿನ ಬಿಸಿಲೇ ಇನ್ನೂ ಒಗ್ಗಿರಲಿಲ್ಲ. ಪೊಲೀಸರು ತಂದುಕೊಟ್ಟ ಮೊಬೈಲುಗಳಿಂದ ಅಳಿಸಿದ ಮೆಸೇಜುಗಳನ್ನು ಎತ್ತುವುದು ಅವನ ಕಸುಬು. “ಮಾಟಕ್ಕೂ ನೆಟ್‌ವರ್ಕ್ ಬೇಕಾ ಅಜ್ಜಿ?” ಎಂದು ಅವಳನ್ನು ಸಾಗಹಾಕಿದ.

ಮಾರೆಪ್ಪನ ಮೊಬೈಲಿನಲ್ಲಿದ್ದದ್ದು ಎಲ್ಲರ ಕೈಯಲ್ಲಿರುವ ಆ್ಯಪ್ ಅಲ್ಲ. ಹೆಸರೇ ಕೇಳಿರದ ಯಾವುದೋ ಮೆಸೇಜಿನ ಆ್ಯಪ್. ಮೆಸೇಜು ಎತ್ತುವ ಯಂತ್ರಕ್ಕೆ ಅದರ ಗುರುತು ಸಿಗದ್ದರಿಂದ ಅವನೇ ಕೂತು ಬಿಚ್ಚಿದ. ಅಳಿಸಿದ ಅಕ್ಷರ ಎಲ್ಲಿಗೆ ಹೋದೀತು? ಹೊಸದು ಬಂದು ಕೂರುವ ತನಕ ಅಲ್ಲೇ ಬಿದ್ದಿರುತ್ತದೆ. ಚೂರುಚೂರಾಗಿ ಎಲ್ಲ ಸಿಕ್ಕಿತು. ಯಾರಿಗೆ ಬಂದದ್ದೆಂಬ ಜಾಗ ಮಾತ್ರ ಬೋಳು. ಅದು ತುಂಬದೆ ಚೂರುಗಳು ಕೂಡುವುದಿಲ್ಲ. ಇಂಥಲ್ಲಿ ಯಾವುದೋ ಒಂದು ಹೆಸರು ಹಾಕಿ ನೋಡಿ, ಆಮೇಲೆ ತೆಗೆಯುವುದು ಈ ಕೆಲಸದವರ ರೂಢಿ. ಮುದುಕಿಯ ಮಾತು ನೆನಪಾಗಿ, ಬೇಕೆಂದೇ ತನ್ನ ಹೆಸರು ಕುಟ್ಟಿದ.

ಕರೆಂಟು ಹೋಯಿತು. ಕಿಟಕಿಗೆ ಹಲಗೆ ಬಡಿದ ಕೋಣೆ; ಮಟಮಟ ಮಧ್ಯಾಹ್ನವೇ ಕಗ್ಗತ್ತಲಾಯಿತು. ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ ಬಂದು ಗಂಟಲಿಗೆ ಅಡರಿತು. ಲ್ಯಾಪ್‌ಟಾಪಿನ ಪರದೆಯೊಂದೇ ಬೆಳಗುತ್ತಿತ್ತು. ಅದರಲ್ಲಿ ಸಾಲುಗಳು ತಾವಾಗಿಯೇ ಕೂಡಿಕೊಂಡವು.

‘ಗೋವಿಂದರಾಜ, ನಿನ್ನ ಬಲಗೈ ನಂದಾತು. ಮೊದಲು ಹೇಣ್ತಿ. ಆಮ್ಯಾಲ ನೀನು.’

ಬಾಗಿಲು ಕಿರುಗುಟ್ಟಿತು. ದಿನವೂ ಬುತ್ತಿ ತರುವ ಅವನ ಹೆಂಡತಿ ಸಹನಾ ಮೊಬೈಲಿನ ಬೆಳಕು ಹಿಡಿದು ಒಳಬಂದಳು. ಹೊರಗೆ ಹೋಗೆಂದು ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಬಲಗೈ ಅವಳ ಕೊರಳಲ್ಲಿತ್ತು.

ಬುತ್ತಿಯ ಡಬ್ಬಿ ಉರುಳಿತು. ಅವಳ ಕಾಲು ನೆಲಕ್ಕೆ ಬಡಿಯಿತು. ಎಡಗೈಯಿಂದ ಬಲಗೈಯ ಬೆರಳು ಕಿತ್ತ. ಬರಲಿಲ್ಲ. ಕಚ್ಚಿದ. ಬಾಯಿ ತುಂಬ ಅವನದೇ ರಕ್ತ. ಹಿಡಿತ ಇನ್ನೂ ಬಿಗಿಯಿತು. ಗೋಡೆಗೆ ಪೊಲೀಸರು ಜಪ್ತಿ ಮಾಡಿದ ಮುದ್ದೆಮಾಲು ಇಡುವ ಕಬ್ಬಿಣದ ತಿಜೋರಿ, ಅರ್ಧ ತೆರೆದದ್ದು. ಅವಳ ಸಮೇತ ಅಲ್ಲಿಗೆ ಉರುಳಿದ. ಮಣಿಕಟ್ಟನ್ನು ತಿಜೋರಿಯ ಅಂಚಿಗೆ ಕೊಟ್ಟ. ಎಡಗೈಯಿಂದ ಬಾಗಿಲು ಬಡಿದ. ಮೂಳೆ ಲಟಕ್ಕೆಂದಿತು. ಬೆರಳು ಬಿಡಲಿಲ್ಲ. ಮತ್ತೆ ಬಡಿದ. ಮತ್ತೆ. ಚರ್ಮ ಹರಿಯಿತು. ಸಹನಾ ಕೆಮ್ಮಿದಳು.

ಕೈ ಉಳಿಯಲಿಲ್ಲ. ಹೆಂಡತಿ ಉಳಿದಳಲ್ಲ ಎಂದು ಅವನು ಆಸ್ಪತ್ರೆಯ ಮಂಚದ ಮೇಲೆ ಬಿಕ್ಕಿ ಬಿಕ್ಕಿ ಅತ್ತ. ಆದರೆ ಕೇಳಿದವರಿಗೆಲ್ಲ, ಕತ್ತಲಲ್ಲಿ ತಿಜೋರಿ ಬಾಗಿಲು ಬಡಿಯಿತೆಂದೇ ಹೇಳಿದ. ಮಾಟವೆನ್ನಲು ಓದಿದವನಿಗೆ ನಾಚಿಕೆ. ಸಹನಾ ಕೊರಳಿಗೆ ಸೆರಗು ಸುತ್ತಿಕೊಂಡು ಹೂಂಗುಟ್ಟಿದಳು.

ಸಾಕ್ಷಿ ಹೇಳಲು ಕುಷ್ಟಗಿ ಕೋರ್ಟಿಗೆ ಹೋಗಿದ್ದ ಲ್ಯಾಬಿನ ಜೊತೆಗಾರ ಅಕ್ಬರ ವಾಪಸು ಬಂದು ಫೋನು ಮಾಡಿದ. ಕೆಲಸ ಬಾಕಿ ಉಳಿಯಬಾರದೆಂದು ಲ್ಯಾಪ್‌ಟಾಪನ್ನು ಮನೆಗೇ ಒಯ್ದಿದ್ದನಂತೆ.

“ಚಿಂತಿ ಮಾಡಬ್ಯಾಡ್ರಿ ಸರ್. ಮಾರೆಪ್ಪಂದು ನಾನ ಮುಗಸ್ತೀನಿ. ಖಾಲಿ ಜಾಗದಾಗ ನಿಮ್ಮ ಹೆಸರು ಹಂಗ ಉಳದಿತ್ತು. ತಗದು ನಂದು ಹಾಕೀನಿ.”

ಅವನ ಹಿಂದೆ ಹೆಂಡತಿ ಮುಬಾಶಿರಾ ಊಟಕ್ಕೆ ಕರೆಯುತ್ತಿದ್ದಳು. ದನಿ ಹತ್ತಿರವಾಗುತ್ತಿತ್ತು.

“ಅಕ್ಬರ, ಅದನ್ನ ಅಳಿಸು. ಎಡಗೈಯಲ್ಲಿ ಅಳಿಸು.”

ಊಟಕ್ಕೆ ಕರೆಯುತ್ತಿದ್ದ ದನಿ ಅರ್ಧಕ್ಕೇ ನಿಂತಿತು.