ಮಡಚಿದ ತುದಿ

ಅಂತ್ಯಸಂಸ್ಕಾರದ ಮರುದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಆಕೆ ಠಾಣೆಗೆ ಬಂದಳು. ಇನ್‌ಸ್ಪೆಕ್ಟರ್ ಇನ್ನೂ ಟೋಪಿ ತೆಗೆದಿಟ್ಟಿರಲಿಲ್ಲ.

"ನನ್ನ ಗಂಡ ಮತ್ತೆ ಚಟಕ್ಕೆ ಬಿದ್ದು ಸತ್ತ ಅಂತ ಬರ್ಕೊಂಡಿದ್ದೀರಿ. ಅವರು ಅದನ್ನ ಬಿಟ್ಟು ಏಳು ತಿಂಗಳಾಗಿತ್ತು."

"ಎಲ್ಲಾ ಹೆಂಡ್ತೀರೂ ಹಿಂಗೇ ಅಂತಾರೆ," ಎಂದು ಗೊಣಗಿದ ಹೆಡ್ ಕಾನ್‌ಸ್ಟೇಬಲ್.

"ನೀವು ಸುಮ್ನಿರ್ರೀ." ಹಾಗೆಂದರೂ ಇನ್‌ಸ್ಪೆಕ್ಟರ್ ಆಕೆಯನ್ನು ನಂಬಿರಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅದೂ ಒಂದು ಅನುಮಾನವೇ.

ಸತ್ತವನು ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನ ಟೆಕ್ನಿಷಿಯನ್. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಹೆಣವಾಗಿ ಸಿಕ್ಕಿದ್ದ. ಪಕ್ಕದಲ್ಲಿ ಸಿರಿಂಜು, ಮಾರ್ಫಿನ್‌ನ ಒಡೆದ ಸೀಸೆಗಳು. ಇನ್‌ಸ್ಪೆಕ್ಟರ್ ಪಂಚನಾಮೆ ತೆರೆದರು: ಸೊಂಟದ ಹಿಂಬದಿ ಸೂಜಿಯ ಗುರುತು, ಮೇಲೆ ಹತ್ತಿ, ಅಂಟುಪಟ್ಟಿ.

"ಚಟದವನು ಕೈಯಲ್ಲಿ ನರ ಹುಡುಕ್ತಾನೆ. ಬೆನ್ನ ಹಿಂದೆ ಚುಚ್ಕೊಂಡು, ಮೇಲೆ ಹತ್ತಿ ಬೇರೆ ಅಂಟಿಸ್ಕೊಳ್ತಾನೇನ್ರೀ?"

ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ.

ಪಂಚನಾಮೆಗೆ ಲಗತ್ತಿಸಿದ್ದ ಗಾಯದ ಫೋಟೋ ನೋಡಿದ ಆಕೆ ತನ್ನ ಮಣಿಕಟ್ಟು ಮುಂದೆ ಚಾಚಿದಳು. ಅಲ್ಲೊಂದು ಬ್ಯಾಂಡೇಜು. ಅದರ ಅಂಟುಪಟ್ಟಿಯ ತುದಿಯೂ ಫೋಟೋದಲ್ಲಿದ್ದಂತೆಯೇ ಒಳಕ್ಕೆ ಮಡಚಿಕೊಂಡಿತ್ತು.

"ಬಿಸಿನೀರು ಬಿದ್ದಿತ್ತು. ಬಾವಲಿ ಅಣ್ಣ ಕಟ್ಟಿದ್ದು. ಕೀಳುವಾಗ ಉಗುರಿಗೆ ಸಿಗಲಿ ಅಂತ ತುದಿ ಮಡಚ್ತಾರೆ. ಥಿಯೇಟರ್‌ನಲ್ಲಿ ಬೇರೆ ಯಾರೂ ಹಾಗೆ ಮಾಡಲ್ಲ. ಪಟ್ಟಿ ದಂಡ ಮಾಡ್ತೀಯ ಅಂತ ನಮ್ಮವರು ರೇಗಿಸ್ತಿದ್ರು."

ಬಾವಲಿ ಅಂದರೆ ಗಂಡನ ಸಹೋದ್ಯೋಗಿ. ಸದಾ ರಾತ್ರಿಪಾಳಿ ಕೇಳಿ ಪಡೆಯುತ್ತಿದ್ದರಿಂದ ಬಂದ ಹೆಸರು.

ಎಫ್‌ಐಆರ್ ದಾಖಲಾಯಿತು. ವ್ಯಸನಮುಕ್ತಿ ಕೇಂದ್ರದ ವೈದ್ಯೆ ಫೋನಿನಲ್ಲಿ ಹೇಳಿದರು: "ಬಿಟ್ಟವರ ಮಿದುಳಿಗೆ ಹಳೇ ಪ್ರಮಾಣ ತಡೆಯೋ ಶಕ್ತಿ ಹೋಗಿರುತ್ತೆ. ಆಸೆ ಮಾತ್ರ ಹೋಗಿರಲ್ಲ. ಹಳೇ ಡೋಸೇ ಕೊಟ್ರೆ ಉಸಿರು ನಿಲ್ಲಬಹುದು."

ಮಧ್ಯಾಹ್ನ ಬಾವಲಿಯನ್ನು ಕರೆತಂದರು. ಉದ್ದ ತೋಳಿನ ಅಂಗಿ, ಮಾರ್ಫಿನ್ ನಶೆಯವರ ಹಾಗೆ ಸೂಜಿಮೊನೆಯಷ್ಟಾದ ಕಣ್ಣಪಾಪೆ.

"ಏನು ಕೊಟ್ಟೆ?"

"ಬೆನ್ನುನೋವು ಅಂದ. ನೋವಿನ ಇಂಜೆಕ್ಷನ್."

"ಅದರ ಹೆಸರು?"

ಹೆಡ್ ಕಾನ್‌ಸ್ಟೇಬಲ್ ಫೋಟೋವನ್ನು ಅವನ ಮುಂದೆ ಸರಿಸಿದ. ಬಾವಲಿ ಆ ಮಡಚಿದ ತುದಿಯನ್ನೇ ನೋಡುತ್ತ ಕುಳಿತ.

"ಮಾರ್ಫಿನ್. ಅವನ ಹಳೇ ಡೋಸೇ ಸಾರ್."

"ಅವನಿಗೆ ಗೊತ್ತಿತ್ತಾ?"

"ಇಲ್ಲ. ಗೊತ್ತಾಗಿದ್ರೆ ತಗೊಳ್ತಿರಲಿಲ್ಲ."

ಬಾಗಿಲಾಚೆ ಬೆಂಚಿನ ಮೇಲಿದ್ದ ಆಕೆಗೆ ಅದು ಕೇಳಿಸಿತು. ಕಣ್ಣು ಆಗ ತುಂಬಿತು.

"ಹಳೇ ಡೋಸು ಕೊಲ್ಲತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್. ಆ ಹೊತ್ತಿಗೆ ನೆನಪೇ ಆಗಲಿಲ್ಲ. ಥಿಯೇಟರ್‌ನ ಮಾರ್ಫಿನ್ ಕದ್ದು ತಗೊಳ್ತಿರೋದನ್ನ ಸೋಮವಾರದೊಳಗೆ ನೀನೇ ದೊಡ್ಡ ಡಾಕ್ಟ್ರಿಗೆ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ ಅಂದಿದ್ದ. ಹೇಳಿದ್ರೆ ನನಗೆ ಔಷಧಿ ಸಿಗೋದು ನಿಲ್ತಿತ್ತು. ತಲೇಲಿ ಅದೊಂದೇ. ಅವನೂ ಮತ್ತೆ ನನ್ನ ಜೊತೆ ಚಟಕ್ಕೆ ಬಂದ್ಬಿಟ್ರೆ ಸುಮ್ನಾಗ್ತಾನೆ ಅಂದ್ಕೊಂಡೆ."

ಬಂಧನ ದಾಖಲಾಯಿತು.

ಮರುದಿನ ಆಕೆ ಬೂದುಬಣ್ಣದ ಸ್ವೆಟರೊಂದನ್ನು ತಂದಳು. ಇನ್‌ಸ್ಪೆಕ್ಟರ್ ಅದರ ಜೇಬು ತಡಕಿ ನೋಡಿ ಕೊಡಬಹುದೆಂದು ತಲೆಯಾಡಿಸಿದರು. ಲಾಕಪ್ಪಿನ ಮೂಲೆಯಲ್ಲಿ ಬಾವಲಿ ಬೆವರುತ್ತ, ಗಡಗಡ ನಡುಗುತ್ತ ಕುಳಿತಿದ್ದ.

"ಬಿಟ್ಟ ಮೊದಲ ವಾರ ಅವರೂ ಹೀಗೇ ನಡುಗ್ತಿದ್ರು. ಆಗ ನಿನ್ನ ಹತ್ರ ಇಸ್ಕೊಂಡಿದ್ದು ಈ ಸ್ವೆಟರ್," ಎಂದು ಆಕೆ ಅದನ್ನು ಸರಳುಗಳ ನಡುವೆ ತೂರಿಸಿದಳು. "ತಗೋ."